ನೀಲಿ ರಕ್ತ ತೆಗೆಯುತ್ತಿದ್ದ ಅಕ್ಕ

ನಮ್ಮಕ್ಕ ಏನು ಕೆಲಸ ಮಾಡುತ್ತಾಳೆ ಅಂತ ಯಾರಾದರೂ ಕೇಳಿದರೆ ನನ್ನ ಬಾಯಿ ಕಟ್ಟಿಹೋಗುತ್ತಿತ್ತು. ಟೀಚರ್ ಅನ್ನುವ ಹಾಗಿರಲಿಲ್ಲ, ನರ್ಸ್ ಅನ್ನುವ ಹಾಗಿರಲಿಲ್ಲ. "ಬಸವನಹುಳದ ರಕ್ತ ತೆಗೀತಾಳೆ" ಅಂದರೆ ಎದುರಿಗಿದ್ದವರು ಒಂದೋ ಬಿದ್ದು ಬಿದ್ದು ನಗುತ್ತಿದ್ದರು, ಇಲ್ಲಾ ಕುರ್ಚಿಯನ್ನು ಮೆಲ್ಲಗೆ ಹಿಂದಕ್ಕೆ ಎಳೆದುಕೊಳ್ಳುತ್ತಿದ್ದರು. "ಅದಕ್ಕೆಲ್ಲಿ ರಕ್ತ ಇರತ್ತೆ?" ಅನ್ನದವರೇ ಇಲ್ಲ. ಇರುತ್ತೆ ಸ್ವಾಮಿ, ಇರುತ್ತೆ. ಅದೂ ನೀಲಿ ಬಣ್ಣದ್ದು. ಈಗ ನನಗೂ ವಯಸ್ಸಾಗಿದೆ, ಮೊಣಕಾಲು ನನ್ನ ಮಾತು ಕೇಳುವುದನ್ನು ಬಿಟ್ಟಿದೆ, ಆದರೂ ಅಕ್ಕನ ಆ ಕೆಲಸ, ನಮ್ಮ ಆ ಎರಡು ಕೋಣೆಯ ಮನೆ ಇನ್ನೂ ಮರೆತಿಲ್ಲ.

ಕೆಳಗೆ ಟೈಲರ್ ಅಂಗಡಿ, ಮೇಲೆ ನಾವು. ಮೆಟ್ಟಿಲು ಎಷ್ಟು ಕಿರಿದು ಅಂದರೆ ಗ್ಯಾಸ್ ಸಿಲಿಂಡರ್ ತರುವವನು ಏಡಿಯ ಹಾಗೆ ಅಡ್ಡಡ್ಡ ಹತ್ತಿ ಬರಬೇಕು. ಅಪ್ಪ ಅಮ್ಮ ಒಬ್ಬರ ಹಿಂದೆ ಒಬ್ಬರು ಹೋದಮೇಲೆ ಅಕ್ಕ ನನ್ನ ಕೈ ಹಿಡಿದುಕೊಂಡು ಆ ಮನೆಗೆ ಬಂದಳು. ನಾನಾಗ ಎರಡು ಜಡೆಯ ಹುಡುಗಿ. ಅವಳಿಗೇನು ಮಹಾ ವಯಸ್ಸು? ಮದುವೆಯ ಮಾತು ಬರುವ ವಯಸ್ಸು. ಮಾತೂ ಬಂತು. "ಮೊದಲು ಇವಳದೊಂದು ದಾರಿಯಾಗಲಿ" ಅಂದುಬಿಟ್ಟಳು. ನನ್ನ ದಾರಿ ಆಗುವ ಹೊತ್ತಿಗೆ ಕೇಳುವವರೇ ನಿಂತುಹೋಗಿದ್ದರು. ಓದಿನಲ್ಲಿ ನಾನು ಅಷ್ಟಕ್ಕಷ್ಟೇ, ಲಾಂಡ್ರಿಯಲ್ಲಿ ಇಸ್ತ್ರಿ ಕೆಲಸಕ್ಕೆ ಸೇರಿಕೊಂಡೆ. ಅವಳ ಕೈ ದಿನವಿಡೀ ತಣ್ಣೀರಿನಲ್ಲಿ, ನನ್ನ ಕೈ ದಿನವಿಡೀ ಬೆಂಕಿಯ ಹತ್ತಿರ. ಸಂಜೆ ಬಂದವಳೇ ಮಂಜುಗಡ್ಡೆಯಂಥ ಬೆರಳುಗಳನ್ನು ನನ್ನ ಕುತ್ತಿಗೆಗೆ ಒತ್ತುತ್ತಿದ್ದಳು. ನಾನು ಕಿಟಾರನೆ ಕಿರುಚಿ ಬಾಯಿಗೆ ಬಂದ ಹಾಗೆ ಬೈಯುತ್ತಿದ್ದೆ. "ಬಂತು ನೋಡು ನನ್ನ ಪಟಾಕಿ" ಅಂತ ನಗುತ್ತಿದ್ದಳು. ಮೂಗಿನ ತುದಿಯಲ್ಲಿ ಕೋಪ ಇಟ್ಟುಕೊಂಡೇ ಹುಟ್ಟಿದವಳು ನಾನು, ಆ ಹೆಸರು ಸರಿಯಾಗೇ ಇತ್ತು ಬಿಡಿ.

ಅವಳು ಕೆಲಸ ಮಾಡುತ್ತಿದ್ದದ್ದು ಬಂದರಿನ ಹಿಂದಿನ ಒಂದು ಸಣ್ಣ ಕಂಪನಿಯಲ್ಲಿ. ಸಂಶೋಧನೆಗೆ, ಔಷಧಿಗೆ ಬೇಕಾದ ಸಾಮಾನು ತಯಾರಿಸುವ ಜಾಗ. ಹಿಂಭಾಗದಲ್ಲಿ ಉದ್ದನೆಯ ಒಂದು ಕೋಣೆ, ಅದರ ತುಂಬ ಗಾಜಿನ ತೊಟ್ಟಿಗಳು, ಪಂಪಿನಿಂದ ಸದಾ ಹರಿದು ಬರುವ ಸಮುದ್ರದ ನೀರು. ನೆಲ ಒಣಗಿದ್ದನ್ನು ನಾನಂತೂ ನೋಡಿಲ್ಲ. ತೊಟ್ಟಿಯ ಗೋಡೆಗೆ ಬಸವನಹುಳದ ಜಾತಿಯ, ಅಂಗೈ ಅಗಲದ ಕಪ್ಪು ಹುಳುಗಳು ಅಂಟಿಕೊಂಡಿರುತ್ತಿದ್ದವು. ಬೆನ್ನ ಮೇಲೆ ಚಿಪ್ಪು, ಚಿಪ್ಪಿನ ನೆತ್ತಿಯಲ್ಲಿ ಒಂದು ತೂತು. ಕೆಳಗೆ ಹಳದಿ ಮಾಂಸದ ದೊಡ್ಡ ಪಾದ ಒಂದು, ಅದೇ ಅದರ ಕಾಲು, ಅದೇ ಅದರ ಹಿಡಿತ. ಎಲ್ಲರೂ ಅದನ್ನು ತೂತುಚಿಪ್ಪು ಅನ್ನುತ್ತಿದ್ದರು. ಅಕ್ಕ ಮಾತ್ರ "ನಮ್ಮ ಮಹಾರಾಣಿಯರು" ಅನ್ನುತ್ತಿದ್ದಳು. ಬೆಳಗ್ಗೆ ಹಾಸಿಗೆಯಿಂದ ಏಳದ ನನ್ನನ್ನು ಕೂಡ ಹಾಗೇ ಕರೆಯುತ್ತಿದ್ದಳು, ನನಗೆ ಉರಿದುಹೋಗುತ್ತಿತ್ತು.

ಕೆಲಸದ ಕಷ್ಟವೆಲ್ಲ ಇದ್ದದ್ದು ಆ ಹುಳವನ್ನು ಗೋಡೆಯಿಂದ ಎಬ್ಬಿಸುವುದರಲ್ಲಿ. ಒಂದು ಚೂರು ಗಾಬರಿಯಾದರೂ ಸಾಕು, ಪಾದವನ್ನು ಕಲ್ಲು ಮಾಡಿಕೊಂಡು ಕೂತುಬಿಡುತ್ತದೆ, ಆಮೇಲೆ ಜಪ್ಪಯ್ಯ ಅಂದರೂ ಬಿಡುವುದಿಲ್ಲ. ಎಳೆದರೆ ಪಾದ ಹರಿಯುತ್ತದೆ, ಹರಿದ ಹುಳು ಬದುಕುವುದಿಲ್ಲ. ಅಕ್ಕ ಚಪ್ಪಟೆ ಅಲಗೊಂದನ್ನು ಹಿಡಿದು ಸುಮ್ಮನೆ ನಿಂತಿರುತ್ತಿದ್ದಳು. ಯಾವಾಗಲೋ ಒಮ್ಮೆ ಅದು ಸಡಿಲವಾದಾಗ ಅಲಗು ಜಾರಿಸಿ, ಮಗುವನ್ನು ಎತ್ತಿದ ಹಾಗೆ ಎತ್ತಿ, ಒದ್ದೆ ಸ್ಪಂಜಿನ ಮೇಲೆ ಮಲಗಿಸಿ, ಪಾದದ ಒಂದು ಕಡೆ ಸಣ್ಣ ಸೂಜಿ ಚುಚ್ಚಿದರೆ ರಕ್ತ ತೊಟ್ಟಿಕ್ಕುತ್ತಿತ್ತು. ಬರುವಾಗ ನೀರಿನ ಹಾಗೆಯೇ ಇರುತ್ತಿತ್ತು. ಗಾಜಿನ ಬಟ್ಟಲಲ್ಲಿ ಗಾಳಿ ತಾಗುತ್ತಾ ತಾಗುತ್ತಾ, ನಮ್ಮ ಕಣ್ಣೆದುರೇ ಮೆಲ್ಲಗೆ ನೀಲಿಯಾಗುತ್ತಿತ್ತು. ನಮ್ಮ ರಕ್ತದಲ್ಲಿ ಕಬ್ಬಿಣ, ಅದರದ್ದರಲ್ಲಿ ತಾಮ್ರ, ಅದಕ್ಕೇ ಆ ಬಣ್ಣ ಅಂತ ಅಕ್ಕ ಹೇಳಿದಳು. ಸ್ವಲ್ಪವೇ ತೆಗೆದು ಹುಳವನ್ನು ಮತ್ತೆ ನೀರಿಗೆ ಬಿಟ್ಟು, ತಿಂಗಳುಗಟ್ಟಲೆ ಅದರ ತಂಟೆಗೆ ಹೋಗುತ್ತಿರಲಿಲ್ಲ. "ರಜಾ ಮೇಲೆ ಕಳಿಸಿದ್ದೀನಿ" ಅನ್ನುತ್ತಿದ್ದಳು.

ಒಂದು ವಿಷಯ ಹೇಳಲೇಬೇಕು. ಆ ಕೋಣೆಯಲ್ಲಿ ಎಲ್ಲರೂ ರಬ್ಬರ್ ಗ್ಲೌಸ್ ಹಾಕಲೇಬೇಕು ಅನ್ನುವುದು ಕಾನೂನು. ಅಕ್ಕ ಹಾಕುತ್ತಿರಲಿಲ್ಲ. "ಗ್ಲೌಸ್ ಹಾಕಿದ್ರೆ ಅದಕ್ಕೆ ಭಯ ಆಗತ್ತೆ, ಬರಿಗೈಗೇ ಅದು ಬಿಡೋದು" ಅನ್ನುತ್ತಿದ್ದಳು. ಅಲ್ಲಿನ ವಿಜ್ಞಾನಿ, ಎಲ್ಲರೂ ಮೇಡಂ ಅನ್ನುತ್ತಿದ್ದ ಹೆಂಗಸು, ಮೊದಮೊದಲು ಹುಬ್ಬು ಗಂಟಿಕ್ಕಿದರು. ಆದರೆ ಅಕ್ಕನ ತೊಟ್ಟಿಯಲ್ಲಿ ಹುಳು ಸಾಯುವುದೇ ಅಪರೂಪ. ಹಾಗಾಗಿ ಅವರೂ ಕಂಡೂ ಕಾಣದ ಹಾಗೆ ಇದ್ದುಬಿಟ್ಟರು.

ಈ ನೀಲಿ ನೀರು ಕಟ್ಟಿಕೊಂಡು ಏನು ಮಾಡುತ್ತೀರಿ ಅಂತ ನಾನೊಂದು ದಿನ ಮೇಡಂ ಅವರನ್ನೇ ಕೇಳಿದೆ. ಅವರು ಬೇಸರ ಮಾಡಿಕೊಳ್ಳದೆ ಕೂತು ಹೇಳಿದರು. "ನೋಡಮ್ಮಾ, ನಮ್ಮ ಮೈಯೊಳಗೆ ಕಾವಲುಗಾರರು ಇರ್ತಾರೆ. ಹೊರಗಿಂದ ಯಾರಾದ್ರೂ ಬಂದ್ರೆ ಹಿಡೀತಾರೆ. ಆದ್ರೆ ತೀರಾ ಸಣ್ಣವರು ಬಂದ್ರೆ ಅವರ ಕಣ್ಣಿಗೇ ಬೀಳಲ್ಲ. ಈ ಹುಳದ ರಕ್ತದಲ್ಲಿ ಒಂದು ಪ್ರೋಟೀನ್ ಇದೆ, ಭಾರೀ ದೊಡ್ಡದು. ಇಲಿ, ಮೊಲ, ನಾವು, ಹಾಲುಣಿಸೋ ಯಾವ ಪ್ರಾಣಿಯ ಮೈಯೂ ಅಂಥದ್ದನ್ನ ಕಂಡಿಲ್ಲ. ಅದು ಒಳಗೆ ಹೋದ್ರೆ ಕಾವಲುಗಾರರೆಲ್ಲ ಎದ್ದು ಬಿದ್ದು ಓಡಿಬರ್ತಾರೆ."

"ಬಂದು?"

"ಬಂದು ಅದರ ಗುರುತು ಹಿಡ್ಕೊತಾರೆ. ಅದಕ್ಕೆ ನಾವು ಆ ಸಣ್ಣ ವಸ್ತುವನ್ನ ಇದರ ಬೆನ್ನಿಗೆ ಕಟ್ಟಿ ಕಳಿಸ್ತೀವಿ. ಆನೆ ಮೇಲೆ ಕೂತು ಬಂದ್ರೆ ಇಲಿಮರಿನೂ ಕಾಣತ್ತಲ್ವಾ? ಇದನ್ನ ಹಿಡಿಯೋ ಗಡಿಬಿಡೀಲಿ ಆ ಸಣ್ಣದರ ಗುರುತೂ ಕಲ್ತುಬಿಡ್ತಾರೆ. ಲಸಿಕೆ ಮಾಡೋರಿಗೆ, ರಕ್ತಪರೀಕ್ಷೆ ಸಿದ್ಧ ಮಾಡೋರಿಗೆ, ಎಲ್ಲರಿಗೂ ಬೇಕು. ಮೂತ್ರಕೋಶದ ಗಡ್ಡೆಗೂ ಇದನ್ನ ಪ್ರಯೋಗ ಮಾಡಿ ನೋಡ್ತಿದ್ದಾರೆ. ಮಲಗಿರೋ ಕಾವಲುಗಾರರನ್ನ ಎಬ್ಬಿಸೋದೇ ಇದರ ಕೆಲಸ."

"ಒಮ್ಮೆ ಗುರುತು ಹಿಡಿದ್ರೆ ಮರೆಯಲ್ವಾ?" ಅಂದೆ. "ಸುಲಭಕ್ಕೆ ಮರೆಯಲ್ಲ" ಅಂದರು. ಆ ಮಾತನ್ನು ನಾನೂ ಅಲ್ಲಿಗೇ ಬಿಟ್ಟೆ, ಅವರೂ ಅಲ್ಲಿಗೇ ಬಿಟ್ಟರು.

ಅಕ್ಕನಿಗೆ ಕಾಯಿಲೆ ಶುರುವಾದದ್ದು ಯಾವಾಗ ಅಂತ ಸರಿಯಾಗಿ ಹೇಳಲಾರೆ. ಮೊದಲು ಬೆರಳ ಸಂದಿಯಲ್ಲಿ ತುರಿಕೆ. ಕೊಬ್ಬರಿ ಎಣ್ಣೆ ಹಚ್ಚಿಕೊಂಡಳು. ಆಮೇಲೆ ಸಂಜೆಯ ಹೊತ್ತು ಎದೆಯೊಳಗೆ ಸುಯ್ ಸುಯ್ ಅನ್ನುವ ಸದ್ದು. ಮೆಟ್ಟಿಲು ಹತ್ತಿ ಬಂದರೆ ಬಾಗಿಲ ಚೌಕಟ್ಟು ಹಿಡಿದುಕೊಂಡು ನಿಲ್ಲುತ್ತಿದ್ದಳು. "ಏನಿಲ್ಲ, ಹವಾ" ಅನ್ನುತ್ತಿದ್ದಳು. ಹವಾ ಅಂತೆ ಹವಾ! ನನಗೆ ಬೇರೆಯೇ ಅನುಮಾನ. ಕೆಳಗಿನ ಟೈಲರ್ ದಿನವಿಡೀ ಬಟ್ಟೆ ಕತ್ತರಿಸುತ್ತಾನೆ, ಹತ್ತಿಯ ಧೂಳೆಲ್ಲ ಮೇಲಕ್ಕೇ ಬರುತ್ತದೆ, ನಮ್ಮಕ್ಕನ ಎದೆಯೊಳಗೇ ಹೋಗಿ ಕೂರುತ್ತದೆ ಅಂತ. ಇಳಿದು ಹೋಗಿ ಕಾಲು ಕೆರೆದು ಜಗಳ ಮಾಡಿದೆ. ಪಾಪ, ಆ ಮನುಷ್ಯ ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡಿದ್ದ, ಉತ್ತರ ಕೊಡುವ ಹಾಗೂ ಇಲ್ಲ. ನಾನು ಹೇಳುವುದೆಲ್ಲ ಹೇಳಿ ಮುಗಿಸಿದ ಮೇಲೆ ಸೂಜಿಗಳನ್ನು ಒಂದೊಂದಾಗಿ ತೆಗೆದು, "ಆಯ್ತು ತಾಯೀ, ಪರದೆ ಹಾಕ್ತೀನಿ" ಅಂದ. ಮರುದಿನ ಮೆಟ್ಟಿಲ ಬುಡಕ್ಕೆ ಒದ್ದೆ ಪರದೆ ಕಟ್ಟಿದ. ನಾವು ಒದ್ದೆ ಪರದೆಗೆ ಮುಖ ಉಜ್ಜಿಸಿಕೊಂಡು ಓಡಾಡಿದ್ದೇ ಬಂತು, ಅಕ್ಕನ ಉಬ್ಬಸ ಒಂಚೂರೂ ಇಳಿಯಲಿಲ್ಲ.

ರಜಾ ದಿನ ಅವಳು ಚೆನ್ನಾಗಿರುತ್ತಿದ್ದಳು. ಕಿಟಕಿಯ ಬಳಿ ಕೂತು ನನ್ನ ತಲೆಗೆ ಎಣ್ಣೆ ಹಚ್ಚುತ್ತಾ ಹಾಡು ಕೂಡ ಗುನುಗುತ್ತಿದ್ದಳು. ಕೆಲಸಕ್ಕೆ ಹೋದ ದಿನವೇ ಸುಯ್ ಸುಯ್. ಇಷ್ಟು ನೋಡಿದರೂ ನನ್ನ ಮಂಡೆಗೆ ಹೊಳೆಯಲಿಲ್ಲ ನೋಡಿ, ಟೈಲರ್ ಮೇಲೇ ಕಣ್ಣು! ಅಕ್ಕನಿಗೆ ಹೊಳೆದಿತ್ತು. ಹೇಳಿದರೆ ಆ ಕೋಣೆಯಿಂದ ಹೊರಗೆ ಹಾಕುತ್ತಾರೆ ಅಂತ ಪಿಟ್ಟೆನ್ನದೆ ಇದ್ದಳು.

ಲಾಂಡ್ರಿಗೆ ಫೋನು ಬಂದಾಗ ನಾನು ಯಾರದೋ ಅಂಗಿಯ ಕಾಲರ್ ತೀಡುತ್ತಿದ್ದೆ. "ನಿಮ್ಮಕ್ಕ ಬಿದ್ದುಬಿಟ್ಟಿದ್ದಾರೆ, ಆಸ್ಪತ್ರೆಗೆ ಬನ್ನಿ." ಹೇಗೆ ಹೋದೆ, ಯಾವ ಬಸ್ಸು ಹತ್ತಿದೆ, ಒಂದೂ ನೆನಪಿಲ್ಲ. ಅಕ್ಕನ ಮುಖ ಗುರುತೇ ಸಿಗದ ಹಾಗೆ ಊದಿತ್ತು, ತುಟಿ ದಪ್ಪಗಾಗಿತ್ತು, ತೊಡೆಗೆ ಇಂಜೆಕ್ಷನ್ ಕೊಟ್ಟು ಉಸಿರು ವಾಪಸು ತಂದಿದ್ದರು. ಹುಳದ ರಕ್ತ ತೆಗೆಯುವಾಗ ಒಂದು ಹನಿ ಕೈಯ ಗೀರಿಗೆ ತಾಗಿತ್ತಂತೆ. ಅಷ್ಟೇ. ಅಲ್ಲೇ ಕುಸಿದಿದ್ದಳು.

ಅವಳು ಚೇತರಿಸಿಕೊಂಡ ಮೇಲೆ ಡಾಕ್ಟರು ಅವಳ ಮುಂಗೈ ಮೇಲೆ ಸಾಲಾಗಿ ಹನಿಗಳನ್ನಿಟ್ಟು ಚುಚ್ಚಿ ನೋಡಿದರು. ಮನೆಯ ಧೂಳು, ಹತ್ತಿ, ಹೂವಿನ ಪುಡಿ, ಬೆಕ್ಕಿನ ಕೂದಲು. ಕೊನೆಯಲ್ಲಿ ಮೇಡಂ ತಂದುಕೊಟ್ಟ ನೀಲಿಯನ್ನು ಬಹಳ ತೆಳು ಮಾಡಿ ಒಂದು ಹನಿ. ಧೂಳಿಗೆ ಏನೂ ಆಗಲಿಲ್ಲ, ಹತ್ತಿಗೆ ಏನೂ ಆಗಲಿಲ್ಲ. ನಾನು ಮನಸ್ಸಿನಲ್ಲೇ ಟೈಲರ್‌ಗೆ ಅಡ್ಡಬಿದ್ದೆ. ನೀಲಿ ಬಿದ್ದ ಜಾಗ ಮಾತ್ರ ನೋಡನೋಡುತ್ತಲೇ ಬೆಲ್ಟಿನ ಬಕಲ್‌ನಷ್ಟು ದಪ್ಪಗೆ ಎದ್ದು ನಿಂತಿತು.

"ವರ್ಷಗಟ್ಟಲೆ ಬರಿಗೈಲಿ ಮುಟ್ಟಿ ಮುಟ್ಟಿ ನಿಮ್ಮ ಮೈಗೆ ಪಾಠ ಕಲಿಸಿಬಿಟ್ಟಿದ್ದೀರಿ" ಅಂದರು ಡಾಕ್ಟರು. "ಎಲ್ಲರಿಗೂ ಹೀಗಾಗಲ್ಲ, ನಿಮಗಾಗಿದೆ. ಈಗ ನಿಮ್ಮ ಮೈಗೆ ಅದು ದೊಡ್ಡ ಶತ್ರು. ಇನ್ನೊಂದು ಸಲ ಆ ಕೋಣೆಗೆ ಹೋದ್ರೆ ಇಲ್ಲಿಗೆ ತರೋದ್ರೊಳಗೆ ಗಂಟಲು ಮುಚ್ಚಿಕೊಳ್ಳತ್ತೆ. ಅಲ್ಲಿಂದ ಬಂದವರೂ ತಲೆಯಿಂದ ಕಾಲಿನವರೆಗೆ ಸ್ನಾನ ಮಾಡದೆ ನಿಮ್ಮ ಹತ್ತಿರ ಬರಬಾರದು."

ಅಕ್ಕ ತನ್ನ ಮುಂಗೈಯನ್ನೇ ನೋಡುತ್ತಾ ಕೂತಳು. "ಶತ್ರು ಅಂತೆ" ಅಂದಳು. "ನಾನೊಂದು ದಿನ ಆದ್ರೂ ಅವನ್ನ ಹಾಗೆ ನೋಡಿದ್ದೀನಾ? ನನ್ನನ್ನ ಒಂದು ಮಾತು ಕೇಳ್ದೆ ನನ್ನ ಮೈಯೇ ತೀರ್ಮಾನ ಮಾಡಿಬಿಟ್ಟಿತಲ್ಲೇ." ಮೇಡಂ ಬಾಗಿಲ ಬಳಿ ನಿಂತು, ಆ ಗ್ಲೌಸ್ ವಿಷಯದಲ್ಲಿ ತಾವು ಗಟ್ಟಿಯಾಗಿ ನಿಲ್ಲಬೇಕಿತ್ತು ಅಂತ ಕಣ್ಣೊರೆಸಿಕೊಂಡರು. ನನಗೆ ಅವರ ಮೇಲೂ ಸಿಟ್ಟು ಬಂದಿತ್ತು, ಆದರೆ ಅಳುವವರನ್ನು ಬೈಯುವುದು ಹೇಗೆ?

ಮನೆಯಲ್ಲಿ ಕೂತ ಅಕ್ಕ ಅಕ್ಕನೇ ಅಲ್ಲ. ಒರೆಸಿದ ನೆಲವನ್ನೇ ಒರೆಸುವಳು, ಪಾತ್ರೆ ಉಜ್ಜಿ ಉಜ್ಜಿ ಸವೆಸುವಳು. ಅಷ್ಟರಲ್ಲಿ ಮೇಡಂ ಕಡೆಯಿಂದ ಸುದ್ದಿ ಬರತೊಡಗಿತು. ಹೊಸದಾಗಿ ಸೇರಿದವರು ಗ್ಲೌಸ್ ಹಾಕಿಕೊಂಡು, ಗಡಿಬಿಡಿಯಲ್ಲಿ ಎಬ್ಬಿಸಲು ಹೋಗಿ ಪಾದ ಹರಿಯುತ್ತಿದ್ದಾರಂತೆ. ಹಳೆಯ ಹುಳುಗಳು ಒಂದೊಂದಾಗಿ ತೊಟ್ಟಿಯ ತಳಕ್ಕೆ ಬೀಳುತ್ತಿವೆಯಂತೆ. ಸುದ್ದಿ ಕೇಳಿದ ದಿನ ಅಕ್ಕ ಊಟ ಬಿಟ್ಟಳು. ಒಂದು ಬೆಳಗ್ಗೆ ನೋಡುತ್ತೇನೆ, ಗಂಬೂಟು ಹಾಕಿಕೊಂಡು ಬಾಗಿಲ ಬಳಿ ನಿಂತಿದ್ದಾಳೆ.

"ಎಲ್ಲಿಗೆ?"

"ಸ್ವಲ್ಪ ಹೊತ್ತು. ಮೂಗಿಗೆ ಬಟ್ಟೆ ಕಟ್ಕೊಂಡು ಹೋಗ್ತೀನಿ. ಅವು ಸಾಯ್ತಿವೆ ಕಣೇ."

"ನೀನು ಸಾಯ್ತೀಯ! ಹುಳಕ್ಕೋಸ್ಕರ ಸಾಯ್ತೀಯಾ? ನನಗೆ ಇನ್ಯಾರಿದ್ದಾರೆ ಅಂತ ಸಾಯೋಕೆ ಹೊರಟಿದ್ದೀಯ?" ನಾನು ಬಾಗಿಲಿಗೆ ಅಡ್ಡ ಕೂತುಬಿಟ್ಟೆ. ಕೂಗಾಟಕ್ಕೆ ಕೆಳಗೆ ಹೊಲಿಗೆ ಮಿಷನ್ ನಿಂತುಹೋಯಿತು. ಅವಳು ಪಕ್ಕಕ್ಕೆ ಸರಿ ಅನ್ನುತ್ತಾಳೆ, ನಾನು ಸುತಾರಾಂ ಸರಿಯುವುದಿಲ್ಲ. ಕೊನೆಗೆ ನನ್ನ ಬಾಯಿಂದ ತಾನಾಗಿ ಬಂತು: "ನಾನು ಹೋಗ್ತೀನಿ. ನನಗೆ ಕಲಿಸು. ನೀನು ಮೆಟ್ಟಿಲು ಇಳಿದ್ರೆ ನೋಡು."

ಆ ಹುಳುಗಳನ್ನು ಕಂಡರೆ ನನಗೆ ಮೈ ಜುಮ್ಮೆನ್ನುತ್ತಿತ್ತು ಅನ್ನುವುದು ಅವಳಿಗೆ ಗೊತ್ತಿತ್ತು. ಅಲ್ಲೇ ಬಾಗಿ ಗಂಬೂಟು ಬಿಚ್ಚಿದಳು.

ಪಾಠ ನಡೆದದ್ದು ಅಡುಗೆಮನೆಯ ಮೇಜಿನ ಮೇಲೆ. ಅಕ್ಕ ತನ್ನ ಅಂಗೈಯನ್ನು ಮೇಜಿಗೆ ಒತ್ತಿ ಇಟ್ಟು, "ಇದೇ ಹುಳು. ಎಬ್ಬಿಸು" ಅನ್ನುತ್ತಿದ್ದಳು. ನಾನು ಗ್ಲೌಸ್ ಹಾಕಿಕೊಂಡು, ಸ್ಟೀಲಿನ ಸ್ಕೇಲನ್ನು ಅವಳ ಕೈಯ ಅಡಿಗೆ ಜಾರಿಸಬೇಕು. ನಾನೋ ಇಸ್ತ್ರಿಯವಳು, ಎಲ್ಲದಕ್ಕೂ ಒತ್ತಿಯೇ ಅಭ್ಯಾಸ. "ಗಾಬರಿಯಾಯ್ತು ನನಗೆ" ಅಂತ ಕೈ ಬಿಗಿ ಮಾಡುತ್ತಿದ್ದಳು, ಮತ್ತೆ ಮೊದಲಿಂದ. "ಮೊದಲು ಕೈಯನ್ನ ನೀರಲ್ಲಿ ಇಟ್ಕೋ. ನೀರಿನಷ್ಟೇ ತಣ್ಣಗಾಗೋವರೆಗೂ ಮುಟ್ಟಬೇಡ. ಬಿಸಿ ತಾಗಿದ್ರೆ ಅದಕ್ಕೆ ಗೊತ್ತಾಗತ್ತೆ." ನನ್ನ ಸಿಟ್ಟು ನೆತ್ತಿಗೇರುತ್ತಿತ್ತು. "ನಿನ್ನ ಮಹಾರಾಣಿಯರು ಬರಿಗೈಗೇ ಬಿಡೋದು ಅಂತಿದ್ದೆಯಲ್ಲ, ಮತ್ತೆ ಈ ಗ್ಲೌಸ್ ಯಾಕೆ?" ಅಂದರೆ, "ಹಾಕ್ಕೋ ಅಂದ್ರೆ ಹಾಕ್ಕೋ. ನಿನ್ನದೂ ನನ್ನದೂ ಒಂದೇ ಮೈ, ಒಂದೇ ತಾಯಿ ಹೆತ್ತದ್ದು" ಅಂತ ಬೇರೆ ಕಡೆ ನೋಡುತ್ತಿದ್ದಳು.

ಹೀಗೆ ಕಲಿತು, ಲಾಂಡ್ರಿಗೆ ನಮಸ್ಕಾರ ಹೇಳಿ, ನಾನು ಆ ಕೋಣೆಗೆ ಕಾಲಿಟ್ಟೆ. ಗೋಡೆಯ ಮೇಲೆ ಅಕ್ಕನ ಏಪ್ರನ್ ಇನ್ನೂ ನೇತಾಡುತ್ತಿತ್ತು. ಗ್ಲೌಸ್ ಹಾಕಿದ ಕೈಯನ್ನು ತೊಟ್ಟಿಗೆ ಇಳಿಸಿ ಸುಮ್ಮನೆ ನಿಂತೆ. ಬೆರಳು ಮರಗಟ್ಟಿತು, ಆದರೂ ನಿಂತೆ. ಎದುರಿಗೆ ಎಲ್ಲಕ್ಕಿಂತ ದೊಡ್ಡ ಹುಳು, ಅಕ್ಕನ ಹಳೆಯ ಗೆಳತಿ. ಅದರ ಅಂಚು ಒಂದಿಷ್ಟು ಸಡಿಲವಾಯಿತು. ಅಲಗು ಜಾರಿಸಿದೆ. ಬಂತು! ಹೂವು ಕಿತ್ತಷ್ಟು ಸಲೀಸಾಗಿ ನನ್ನ ಕೈಗೆ ಬಂತು. ಮೇಡಂ ಹಿಂದೆ ನಿಂತು ಉಸಿರು ಬಿಟ್ಟದ್ದು ಕೇಳಿಸಿತು. ಇನ್ನೊಂದನ್ನು ಎಬ್ಬಿಸಿದೆ, ಅದೂ ಬಂತು. ಒಂದರ ಪಾದವೂ ಹರಿಯಲಿಲ್ಲ.

ಖುಷಿ ಆಗಬೇಕಿತ್ತಲ್ವಾ? ಮನೆಗೆ ನಡೆದು ಬರುವಾಗ ದಾರಿಯುದ್ದಕ್ಕೂ ಒಂದೇ ಯೋಚನೆ. ಗ್ಲೌಸ್ ಹಾಕಿದರೂ ಅದು ಬಿಡುತ್ತದೆ! ಹಾಗಾದರೆ ಅಕ್ಕ ಇಷ್ಟು ವರ್ಷ ಬರಿಗೈ ಹಾಕಿದ್ದು ಸುಮ್ಮಸುಮ್ಮನೆ. ಅವಳ ಉಸಿರು ಹೋದದ್ದು, ಕೆಲಸ ಹೋದದ್ದು, ಆ ಹುಳುಗಳು ಕೈತಪ್ಪಿದ್ದು ಎಲ್ಲ ಸುಮ್ಮಸುಮ್ಮನೆ. ಇದನ್ನು ಅವಳಿಗೆ ಹೇಗೆ ಹೇಳುವುದು? ಕೇಳಿದರೆ ಎದೆ ಒಡೆದುಕೊಳ್ಳುತ್ತಾಳೆ. ಮೆಟ್ಟಿಲು ಹತ್ತುವಷ್ಟರಲ್ಲಿ ಒಂದು ಸುಳ್ಳು ಹೊಂದಿಸಿಕೊಂಡೆ.

ಅವಳು ಒಳಕೋಣೆಯ ಬಾಗಿಲಲ್ಲಿ ಕಾಯುತ್ತಿದ್ದಳು. "ದೂರ, ದೂರ! ಇನ್ನೂ ಸ್ನಾನ ಆಗಿಲ್ಲ" ಅಂತ ಮೆಟ್ಟಿಲ ಬಾಗಿಲಲ್ಲೇ ನಿಂತೆ. ನಡುವೆ ಅಡುಗೆಮನೆಯ ಅಗಲ.

"ಬಿಟ್ಟವಾ?"

"ಬಿಟ್ಟವು. ಒಂದಕ್ಕೂ ಏನೂ ಆಗಿಲ್ಲ."

ಅವಳು ಕಣ್ಣು ಮುಚ್ಚಿ ಗೋಡೆಗೆ ಒರಗಿದಳು. ನಾನು ನನ್ನ ಸುಳ್ಳನ್ನು ಹೊರಗೆ ತೆಗೆದೆ. "ಇದು ಹೊಸ ಥರದ ಗ್ಲೌಸ್ ಅಂತೆ ಅಕ್ಕಾ, ಎಲ್ಲಿಂದಲೋ ತರಿಸಿದ್ದಾರೆ. ನಿನ್ನ ಕಾಲದ್ದರಲ್ಲಿ ಸಾಧ್ಯವೇ ಇರಲಿಲ್ಲ ಅಂತ ಮೇಡಂ ಅಂದ್ರು."

"ಹೌದಾ? ಯಾವ ಬಣ್ಣ?"

"ಹಳದಿ."

"ನಮ್ಮ ಕಾಲದ್ದೂ ಹಳದಿನೇ" ಅಂತ ನಕ್ಕಳು. "ಬೈಯೋಕೆ ಎಷ್ಟು ಚೆನ್ನಾಗಿ ಬರತ್ತೋ ಸುಳ್ಳು ಹೇಳೋಕೆ ಅಷ್ಟೇ ಬರಲ್ಲ ನಿನಗೆ. ಗ್ಲೌಸ್ ಹಾಕಿದ್ರೂ ಬಿಡತ್ತೆ ಕಣೇ. ನನಗೆ ಮೊದಲಿಂದ್ಲೂ ಗೊತ್ತು."

"ಗೊತ್ತಿತ್ತಾ! ಗೊತ್ತಿದ್ದೂ ಬರಿಗೈ ಹಾಕಿದೆಯಾ? ಮೈ ತುರಿಸ್ತಿದ್ರೂ ಹಾಕಿದೆಯಾ? ಹುಚ್ಚಿ! ಯಾಕೆ?"

ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. ಹಾಲು ಬಂತಾ ಅಂತ ಕೇಳುವ ದನಿಯಲ್ಲೇ ಹೇಳಿದಳು. "ಗೋಡೆ ಬಿಟ್ಟ ಮೇಲೆ ಅದು ಅಂಗೈಗೆ ಅಂಟ್ಕೊಳ್ಳತ್ತೆ. ಗಟ್ಟಿಯಾಗಿ, ಬಿಡಲ್ಲ ಅನ್ನೋ ಹಾಗೆ. ಗ್ಲೌಸ್ ಹಾಕಿದ್ರೆ ಅದು ಗೊತ್ತಾಗಲ್ಲ. ನೀನು ದೊಡ್ಡೋಳಾದ್ಮೇಲೆ ನನ್ನ ಕೈ ಹಿಡ್ಕೊಂಡೋರು ಇನ್ಯಾರಿದ್ದಾರೆ ಹೇಳು?"

ಓಡಿಹೋಗಿ ಅವಳನ್ನು ತಬ್ಬಿಕೊಳ್ಳಬೇಕು ಅನ್ನಿಸಿತು. ಒಂದು ಹೆಜ್ಜೆ ಇಟ್ಟೂಬಿಟ್ಟೆ. ಇಟ್ಟವಳು ಹಾಗೇ ನಿಂತೆ. ನನ್ನ ಕೂದಲಲ್ಲಿ, ತೋಳಲ್ಲಿ, ಎಲ್ಲ ಕಡೆ ಆ ತೊಟ್ಟಿಯ ನೀರಿತ್ತು.

ಬಚ್ಚಲಿಗೆ ನುಗ್ಗಿದೆ. ನೀರು ಕಾದಿರಲಿಲ್ಲ, ಕಾಯುವವರೆಗೆ ನಿಲ್ಲುವ ತಾಳ್ಮೆ ಯಾರಿಗಿತ್ತು? ತಣ್ಣೀರನ್ನೇ ಚೊಂಬು ಚೊಂಬು ತಲೆಗೆ ಸುರಿದುಕೊಂಡು, ಅಳುತ್ತಾ, ಮೈ ಕೆಂಪಾಗುವ ಹಾಗೆ ಉಜ್ಜಿಕೊಂಡೆ. "ಅಕ್ಕಾ, ಅಲ್ಲೇ ಇರು, ಎಲ್ಲೂ ಹೋಗ್ಬೇಡ, ಬಂದುಬಿಟ್ಟೆ" ಅಂತ ಒಳಗಿಂದ ಕೂಗಿದೆ.

"ಎಲ್ಲಿಗೆ ಹೋಗ್ಲೇ ನಾನು" ಅಂದಳು ಅಕ್ಕ, ಬಾಗಿಲಿಂದ ದೂರ ನಿಂತೇ. "ನಿಧಾನಕ್ಕೆ ಸೋಪು ಹಾಕು. ಕಿವಿ ಹಿಂದೆ ಮರೀಬೇಡ."